ಚರ್ಮಗಂಟು ರೋಗ ಮತ್ತು ಕಚ್ಚುವ ನೊಣಗಳು: ಜಾನುವಾರು ಮಾಲೀಕರ ಅವಗಾಹನೆಗೆ

ಜಾನುವಾರುಗಳ ಚರ್ಮಗಂಟು ರೋಗವು ಭಾರತದಲ್ಲಿ ಮೊದಲಿಗೆ 2019ರಲ್ಲಿ ಒಡಿಶಾದಲ್ಲಿ ಪತ್ತೆಯಾಗಿ, 2020ರಲ್ಲಿ ಕರ್ನಾಟಕವನ್ನು ಪ್ರವೇಶಿಸಿತು. 2022ರಲ್ಲಿ ರೋಗವು ತೀವ್ರ ಸ್ವರೂಪ ತಾಳಿದ್ದು, ಆಗ ರಾಜ್ಯ ಸರ್ಕಾರವು ಮೃತಪಟ್ಟ ಎತ್ತಿಗೆ ರೂ. 30,000, ಹಸುವಿಗೆ ರೂ. 20,000 ಹಾಗೂ ಕರುವಿಗೆ ರೂ. 5,000 ಪರಿಹಾರ ಘೋಷಿಸಿತ್ತು. ಕರೆಯುವ ಹಸುವಿನ ಮಾರುಕಟ್ಟೆ ಬೆಲೆಗೆ ಈ ಮೊತ್ತವು ಸಮನಲ್ಲವೆಂಬುದು ಹೈನುಗಾರರಿಗೆ ತಿಳಿದ ವಿಷಯವೇ ಆಗಿದೆ.

ರೋಗ ಹರಡುವಲ್ಲಿ ಸೊಳ್ಳೆ, ಉಣ್ಣೆಗಳೊಂದಿಗೆ ಕಚ್ಚುವ ನೊಣಗಳ ಪಾತ್ರವೂ ಇರುವುದರಿಂದ ಮಳೆಗಾಲದಲ್ಲಿ ಕೀಟನಾಶಕದ ವೆಚ್ಚ ಏರುತ್ತದೆ. ಎಲ್ಲ ನೊಣಗಳೂ ಒಂದೇ ಎಂದು ಭಾವಿಸಿ ಮಾಡುವ ಸಿಂಪಡಣೆಯಿಂದ ನಿರೀಕ್ಷಿತ ಫಲ ದೊರೆಯದು.

ಕೊಟ್ಟಿಗೆಯಲ್ಲಿ ಕಚ್ಚುವ ಸ್ಟೊಮಾಕ್ಸಿಸ್ ನೊಣವು ಗಾತ್ರದಲ್ಲಿ ಮನೆ ನೊಣದಂತೆಯೇ ಇದ್ದು, ಮೂತಿಯಿಂದ ಸೂಜಿಯಂತೆ ಮುಂದಕ್ಕೆ ಚಾಚಿದ ಕೊಳವೆಯಿಂದ ಗುರುತಿಸಬಹುದಾಗಿದೆ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಹೆಚ್ಚಾಗಿ ಕಾಲುಗಳಿಗೆ ಕಚ್ಚುವುದರಿಂದ ರಾಸುಗಳು ಬಿಡುವಿಲ್ಲದೆ ಕಾಲು ಬಡಿಯುತ್ತವೆ, ಮೇವು ಬಿಡುತ್ತವೆ, ಹಾಲು ಇಳಿಯುತ್ತದೆ. ಓಡಿಸಿದ ನೊಣವು ಪಕ್ಕದ ರಾಸಿನ ಮೇಲೆ ಕುಳಿತು ಹೀರುವಿಕೆ ಮುಂದುವರಿಸುತ್ತದೆ. ಸೋಂಕು ದಾಟುವುದು ಹೀಗೆಯೇ. ಸಗಣಿ, ಗಂಜಲ ಬೆರೆತು ಕೊಳೆತ ಹುಲ್ಲು ಹಾಗೂ ಗೊಂತಿನ ಬುಡದ ಒದ್ದೆ ಮೇವು ಇದರ ಸಂತಾನದ ನೆಲೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ನೊಣವಾಗಲು ಸುಮಾರು 3 ವಾರ ಬೇಕು. ಆದುದರಿಂದ ವಾರಕ್ಕೊಮ್ಮೆಯಾದರೂ ಈ ಕಸವನ್ನು ತೆಗೆದು ಒಣಗಿಸಿದಲ್ಲಿ ಔಷಧಿಗಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಶ್ರಮವೊಂದೇ.

ಕುದುರೆ ನೊಣದ (ಟಬಾನಸ್) ವಿಚಾರ ಬೇರೆ. 1ರಿಂದ 2.5 ಸೆಂ.ಮೀ. ಉದ್ದದ ಈ ನೊಣಗಳಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಚರ್ಮವನ್ನು ಕತ್ತರಿಸುವುದರಿಂದ ಕಚ್ಚಿದೆಡೆ ರಕ್ತ ಜಿನುಗುತ್ತದೆ. ಕೆರೆಯಂಚಿನ ಗಿಡಗಳ ಎಲೆಗಳ ಮೇಲೆ ಮೊಟ್ಟೆಯಿಟ್ಟು, ಮರಿಹುಳುಗಳು ತಿಂಗಳುಗಟ್ಟಲೆ ಕೆಸರಿನಲ್ಲಿ ಬೆಳೆಯುವುದರಿಂದ ಕೊಟ್ಟಿಗೆ ತೊಳೆದು ಇದನ್ನು ತಡೆಯಲಾಗದು. ಕೆರೆಗೆ ಔಷಧಿ ಹಾಕುವುದಂತೂ ಮೀನಿಗೂ ಕುಡಿಯುವ ರಾಸಿಗೂ ಅಪಾಯಕರ. ಇದು ಬಿಸಿಲಿನ ವೇಳೆಯಲ್ಲಿ ಚುರುಕಾಗಿದ್ದು, ಕತ್ತಲ ಕೊಟ್ಟಿಗೆಯೊಳಗೆ ಸಾಮಾನ್ಯವಾಗಿ ಬರುವುದಿಲ್ಲ. ಮುಂಜಾನೆ ಮತ್ತು ಸಂಜೆ ಮೇಯಿಸಿ, ನಡುಹಗಲು ರಾಸುಗಳನ್ನು ಒಳಗೆ ಕಟ್ಟುವುದು ಸೂಕ್ತ. ಸರ್ರಾ ರೋಗವನ್ನೂ ಈ ನೊಣಗಳು ಹರಡುವುದರಿಂದ, ಬಿಟ್ಟು ಬಿಟ್ಟು ಜ್ವರ ಬರುವ ರಾಸಿನ ರಕ್ತ ಪರೀಕ್ಷೆ ಮಾಡಿಸತಕ್ಕದ್ದು.

ನೊಣ ನಿಯಂತ್ರಣವು ಲಸಿಕೆಗೆ ಪರ್ಯಾಯವಲ್ಲ. ಚರ್ಮಗಂಟು ರೋಗವು ಮನುಷ್ಯರಿಗೆ ಹರಡುವುದಿಲ್ಲ. ಜ್ವರದೊಂದಿಗೆ ಮೈಮೇಲೆ ಗಂಟುಗಳು ಕಂಡುಬಂದ ರಾಸನ್ನು ಕೂಡಲೇ ಬೇರ್ಪಡಿಸಿ, ಸಮೀಪದ ಪಶು ಆಸ್ಪತ್ರೆಗೆ ಮಾಹಿತಿ ನೀಡಲು ಕೋರಲಾಗಿದೆ.