ಗೋಡೆಯೊಳಗಿನ ಜಾಲರಿಯ ಲೆಕ್ಕ ಕೊಡಿ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಹೋಗುವವರಿಗೆ ಮೇಲ್ಸೇತುವೆಯ ಏರುದಾರಿಗಳ ಪಕ್ಕದ ಕಾಂಕ್ರೀಟ್ ಫಲಕಗಳು ಮಾತ್ರ ಕಾಣುತ್ತವೆ. ಇಂಥ ಗೋಡೆಗಳಲ್ಲಿ ಮಣ್ಣನ್ನು ಹಿಡಿದಿಡುವುದು ಫಲಕವಲ್ಲ, ಅದರ ಹಿಂದೆ ಪದರಪದರವಾಗಿ ಹಾಸಿದ ಉಕ್ಕಿನ ಪಟ್ಟಿ ಅಥವಾ ಪಾಲಿಮರ್ ಜಾಲರಿ. ನೂರು ವರ್ಷ ಬಾಳಬೇಕೆಂದೇ ಇವುಗಳ ವಿನ್ಯಾಸ.

ವಿಶಾಖಪಟ್ಟಣದ ಕಡಲಂಚಿನ ಜೇಡಿಮಣ್ಣಾಗಲಿ, ವಿಜಯವಾಡ ಸುತ್ತಲಿನ ಎರೆಮಣ್ಣಾಗಲಿ ಇದ್ದಂತೆಯೇ ಭಾರ ತಾಳುವುದಿಲ್ಲ. ಅದಕ್ಕೆ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸಿ ಗಟ್ಟಿಮಾಡುವುದು ರೂಢಿ. ಜೊತೆಗೆ ಸಿಂಹಾದ್ರಿ, ಇಬ್ರಾಹಿಂಪಟ್ಟಣದ ಉಷ್ಣ ಸ್ಥಾವರಗಳ ಹಾರುಬೂದಿಯಿದೆ. ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗೆ ಬೂದಿ ಬಳಸಬೇಕೆಂದು ಕೇಂದ್ರ 2016ರಲ್ಲೇ ಹೇಳಿದೆ. ಉದ್ದೇಶ ಒಳ್ಳೆಯದೇ. ಆದರೆ ಬದಲಾದ ಮಣ್ಣಿಗೆ ತಕ್ಕ ಜಾಲರಿ ಆರಿಸಿದ್ದಾರೆಯೇ?

ಸಾಕಷ್ಟು ಸುಣ್ಣ ಕುಡಿದ ಮಣ್ಣಿನ ಪಿಎಚ್ 12 ದಾಟುತ್ತದೆ. ಹೊಸದಾಗಿ ಬೆರೆಸಿದ ಹೆಂಟೆಯೊಂದನ್ನು ಒಡೆದು ಫಿನಾಫ್ತಲೀನ್ ಹನಿಸಿದರೆ ಕಣ್ಣೆದುರೇ ಕಡು ಗುಲಾಬಿಗೆ ತಿರುಗುತ್ತದೆ. ಪಿಎಚ್ 9 ಮೀರಿದಲ್ಲಿ ಪಾಲಿಯೆಸ್ಟರ್ ಜಾಲರಿ ಬೇಡವೆನ್ನುತ್ತದೆ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಮಾರ್ಗಸೂಚಿ. ಕ್ಷಾರ ಆ ನೂಲನ್ನು ಹೊರಮೈಯಿಂದ ಸವೆಸುತ್ತದೆ, ತೇವ ಒಳಗಿನ ಅಣುಸರಪಳಿಯನ್ನು ಕಡಿಯುತ್ತದೆ, ಬಿಸಿ ಎರಡನ್ನೂ ಚುರುಕುಗೊಳಿಸುತ್ತದೆ. ಜಾಲರಿಯ ಬಲವನ್ನು ಪ್ರಯೋಗಾಲಯ ಅಳೆಯುವುದು 20 ಡಿಗ್ರಿಯಲ್ಲಿ. ಆಂಧ್ರ ಕರಾವಳಿಯ ಮಣ್ಣಿಗೆ ಅಷ್ಟು ತಂಪು ಎಲ್ಲಿಂದ ಬರಬೇಕು? ಕಾಲಕ್ರಮೇಣ ಕ್ಷಾರ ಇಳಿಯುತ್ತದೆಂಬ ಸಮಾಧಾನ ಅಳತೆಯಿಲ್ಲದೆ ಒಪ್ಪತಕ್ಕದ್ದಲ್ಲ.

ಪರ್ಯಾಯವಿಲ್ಲವೆಂದಲ್ಲ. ಪಾಲಿವಿನೈಲ್ ಆಲ್ಕೊಹಾಲ್ ನೂಲು ಕ್ಷಾರ ತಡೆಯುತ್ತದೆ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಕೂಡ ತಡೆಯುತ್ತದೆ, ಆದರೆ ಸದಾ ಎಳೆತದಲ್ಲಿದ್ದರೆ ನಿಧಾನವಾಗಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ಸ್ಥಳೀಯ ಬಿಸಿಗೆ ತಕ್ಕಂತೆ ಲೆಕ್ಕ ಹಾಕಬೇಕು.

2025ರ ಮೇ 19ರಂದು ಕೇರಳದ ಕೂರಿಯಾಡ್‌ನಲ್ಲಿ ಹೆದ್ದಾರಿ 66ರ ಏರಿ ಕುಸಿಯಿತು. ಅಲ್ಲಿ ಸೋತದ್ದು ಜಾಲರಿಯಲ್ಲ, ತಳದ ಮೆತ್ತನೆ ನೆಲ. ಆದರೂ ಮಣ್ಣನ್ನು ಓದದೆ ಕಟ್ಟುವ ಚಾಳಿ ಎಷ್ಟು ದುಬಾರಿಯೆಂಬುದು ಎಲ್ಲರಿಗೂ ಕಂಡಿತು. ಜಾಲರಿಯ ಸವೆತ ಹಾಗೆ ಮೊದಲ ಮಳೆಗಾಲದಲ್ಲೇ ಬಯಲಾಗುವುದಿಲ್ಲ. ಗುತ್ತಿಗೆದಾರನ ಹೊಣೆ ಮುಗಿದು, ಕಡತ ದೂಳು ಹಿಡಿದ ಮೇಲೆ ಅದರ ಸರದಿ. ಇದೇ ನಮ್ಮನ್ನು ಕಂಗೆಡಿಸುವುದು.

ಹೆದ್ದಾರಿ ಪ್ರಾಧಿಕಾರ ಪ್ರತಿ ಗೋಡೆಯ ಜಾಲರಿ ಯಾವುದು, ತುಂಬಿದ ಮಣ್ಣಿನ ಪಿಎಚ್ ಎಷ್ಟು ಎಂದು ಪ್ರಕಟಿಸಲಿ. ಹೊಸ ಗೋಡೆಗಳಲ್ಲಿ ಮಾದರಿ ತುಂಡುಗಳನ್ನು ಹೂತು, ಐದು ವರ್ಷಕ್ಕೊಮ್ಮೆ ತೆಗೆದು ಎಳೆದು ನೋಡಲಿ. ರಾಯಚೂರಿನ ಹಾರುಬೂದಿಯೂ ಬಯಲುಸೀಮೆಯ ಎರೆನೆಲವೂ ಇರುವ ಕರ್ನಾಟಕದ ಲೋಕೋಪಯೋಗಿ ಇಲಾಖೆ ಮುಂದಿನ ಟೆಂಡರಿನಲ್ಲೇ ಈ ಷರತ್ತು ಸೇರಿಸಬೇಕು.