ಹದಿನೈದರ ಓದುಗರಿಗೆ ಕನ್ನಡದಲ್ಲಿ ಭಯವೇಕಿಲ್ಲ?

ಕಳೆದ ತಿಂಗಳ ನಮ್ಮ ಓದಿನ ಕೂಟಕ್ಕೆ ಚಿಂಚವಾಡದ ಗೆಳೆಯರೊಬ್ಬರು ತಮ್ಮ ಹದಿನೈದು ವರ್ಷದ ಮಗಳನ್ನು ಕರೆತಂದಿದ್ದರು. ಹಿರಿಯರೊಬ್ಬರು ಕುಮಾರವ್ಯಾಸನ ರೂಪಕಗಳ ಬಗ್ಗೆ ಮಾತನಾಡುತ್ತಿದ್ದ ಒಂದು ಗಂಟೆಯೂ ಆ ಹುಡುಗಿ ಹಿಂದಿನ ಸಾಲಿನಲ್ಲಿ ಕುಳಿತು ತಲೆಯೆತ್ತದೆ ಬೇರೇನನ್ನೋ ಓದುತ್ತಿದ್ದಳು. ಚಹದ ಹೊತ್ತಿಗೆ ಅದು ಯಾವ ಪುಸ್ತಕವೆಂದು ಕೇಳಿದೆ. ಹಾಲಿ ಜಾಕ್ಸನ್ ಎಂಬ ಬ್ರಿಟಿಷ್ ಲೇಖಕಿಯ ‘ಫೈವ್ ಸರ್ವೈವ್’, 2022ರಲ್ಲಿ ಬಂದದ್ದು. ಆರು ಮಂದಿ ಹರೆಯದವರು ಮನೆಯಂಥ ದೊಡ್ಡ ವಾಹನವೊಂದರಲ್ಲಿ ರಜೆಯ ಪ್ರವಾಸ ಹೊರಡುತ್ತಾರೆ. ನಿರ್ಜನ ದಾರಿಯಲ್ಲಿ ಗುಂಡು ತಗುಲಿ ಟೈರು ಸಿಡಿಯುತ್ತದೆ. ಹೊರಗೆ ಕತ್ತಲಲ್ಲಿ ಬಂದೂಕು ಹಿಡಿದವನೊಬ್ಬ ಕಾದಿದ್ದಾನೆ. ಒಳಗಿರುವ ಆರು ಜನರಲ್ಲಿ ಯಾರೋ ಒಬ್ಬರು ಬಚ್ಚಿಟ್ಟಿರುವ ಗುಟ್ಟು ಅವನಿಗೆ ಬೇಕು. ಇಷ್ಟೇ ಕಥೆ.

ಉಪನ್ಯಾಸ ಮುಗಿಸಿ ಬಂದ ಹಿರಿಯರು ಮುಖಪುಟ ನೋಡಿ ಅಕ್ಕರೆಯಿಂದಲೇ ಹೇಳಿದರು: “ಇಂಥಾವನ್ನ ಓದಿದರ ಮನಸ್ಸು ಕೆಡ್ತದವಾ ತಂಗಿ. ಏನರ ಚಲೋದು ಓದು.” ಹುಡುಗಿ ಸೌಜನ್ಯದಿಂದಲೇ ಕೇಳಿದಳು: “ಕನ್ನಡದಾಗ ಇಂಥಾದ್ದು ಐತೇನ್ರೀ ಅಜ್ಜಾ? ಇದ್ದರ ಅದನ್ನ ಓದ್ತೀನಿ.” ಅವರೆಂದರು: “ಇಲ್ಲ. ಅದು ನಮ್ಮ ಪುಣ್ಯ.” ಕೋಣೆಯಲ್ಲಿ ನಗೆ ಎದ್ದಿತು. ನಾನೂ ನಕ್ಕೆ. ಈ ಬರಹಕ್ಕೆ ಆ ನಗೆಯ ನಾಚಿಕೆಯೇ ಕಾರಣ.

ಹಿರಿಯರ ಆ ಮಾತಿನಲ್ಲಿ ಎರಡು ತಪ್ಪುಗಳಿವೆ. ಇಲ್ಲವೆಂಬುದು ಒಂದು, ಪುಣ್ಯವೆಂಬುದು ಇನ್ನೊಂದು.

ಪುಣ್ಯದ ಮಾತನ್ನೇ ಮೊದಲು ನೋಡೋಣ. ನಮ್ಮ ಮಕ್ಕಳಿಗೆ ನಾವು ಮೊದಲು ಕಲಿಸುವ ಪದ್ಯ ಯಾವುದು? ಗೋವಿನ ಹಾಡು. ಒಬ್ಬಂಟಿ ತಾಯಿ ಮನೆಗೆ ಮರಳುವ ದಾರಿಯಲ್ಲಿ ಹಸಿದ ಹುಲಿಯ ಎದುರು ನಿಲ್ಲುವ ಕಥೆ ಅದು. ಆಮೇಲಿನದು ಕುವೆಂಪು ಅವರು ಬ್ರೌನಿಂಗನ ಕವನದಿಂದ ಕನ್ನಡಕ್ಕೆ ತಂದ ಬೊಮ್ಮನಹಳ್ಳಿಯ ಕಿಂದರಿಜೋಗಿ. ಎಲ್ಲಿಂದಲೋ ಬಂದ ಅಪರಿಚಿತನೊಬ್ಬ ಊರಿನ ಮಕ್ಕಳನ್ನೆಲ್ಲ ಹಿಂದೆ ಕರೆದುಕೊಂಡು ಹೋಗುತ್ತಾನೆ, ಮಕ್ಕಳು ಮರಳುವುದಿಲ್ಲ. ಇದಕ್ಕಿಂತ ಭಯಾನಕವಾದ ಕಥೆಯನ್ನು ಜಾಕ್ಸನ್ ಬರೆದಿಲ್ಲ. ಆದರೂ ನವೆಂಬರ್ ಬಂತೆಂದರೆ ಹೊರನಾಡಿನ ಪ್ರತಿ ಸಂಘದ ವೇದಿಕೆಯ ಮೇಲೆ ಎಂಟು ವರ್ಷದ ಕೂಸುಗಳು ಕಾಗದದ ಇಲಿಬಾಲ ಕಟ್ಟಿಕೊಂಡು ಅದನ್ನು ಆಡಿ ತೋರಿಸುತ್ತವೆ, ನಾವು ಮೊಬೈಲಿನಲ್ಲಿ ಸೆರೆಹಿಡಿಯುತ್ತೇವೆ. ಅಂದರೆ ಭಯ ಮಕ್ಕಳಿಗೆ ಸಲ್ಲದು ಎಂದು ಕನ್ನಡ ಯಾವತ್ತೂ ಹೇಳಿಲ್ಲ. ಹತ್ತು ವರ್ಷದವರೆಗೆ ಹುಲಿಯನ್ನೂ ಜೋಗಿಯನ್ನೂ ಧಾರಾಳವಾಗಿ ಕೊಡುತ್ತದೆ. ಮಗು ಹನ್ನೆರಡಕ್ಕೆ ಕಾಲಿಟ್ಟು, ಒಬ್ಬಳೇ ಬಸ್ಸು ಹತ್ತಿ, ನಿಜವಾಗಿ ಅಪರಿಚಿತರನ್ನು ಎದುರಿಸಬೇಕಾದ ವಯಸ್ಸಿಗೆ ಬಂದಾಗ ಮಾತ್ರ ನಾವು ಅವಳ ಕೈಗೆ ವ್ಯಕ್ತಿತ್ವ ವಿಕಸನದ ಪುಸ್ತಕ ಕೊಡುತ್ತೇವೆ, ವಚನ ಕಂಠಪಾಠದ ಸ್ಪರ್ಧೆಗೆ ಹೆಸರು ಬರೆಸುತ್ತೇವೆ. ವಚನಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವುಗಳನ್ನು ಶಿಕ್ಷೆಯಂತೆ ಹಂಚುವವರ ಮೇಲಿದೆ.

ರೋಚಕ ಕಾದಂಬರಿ ಸಾಹಿತ್ಯವಲ್ಲ ಎಂಬ ವಾದ ನಮ್ಮ ಕೂಟದಲ್ಲಿ ಆಗಾಗ ಏಳುತ್ತದೆ. ವಾದಿಸುವವರಿಗೆ ಒಂದು ಸಂಗತಿ ನೆನಪಿಸಬೇಕು. ನವೆಂಬರ್ ಒಂದರಂದು ನಾವು ಭಕ್ತಿಯಿಂದ ಹಾರಿಸುವ ಹಳದಿ–ಕೆಂಪು ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. ಕನ್ನಡ ಚಳವಳಿಯ ಈ ಹಿರಿಯರು ಪತ್ತೇದಾರಿ ಕಾದಂಬರಿಕಾರರೂ ಹೌದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆ ಗ್ರಂಥಾಲಯದಿಂದ ತಂದು, ಪಠ್ಯಪುಸ್ತಕದೊಳಗೆ ಅಡಗಿಸಿ ಓದಿಯೇ ಕನ್ನಡ ಓದು ರೂಢಿಸಿಕೊಂಡವರು ನಮ್ಮಲ್ಲಿ ಎಷ್ಟು ಜನರಿದ್ದಾರೆ ಎಂದು ಕೈ ಎತ್ತಿಸಿ ನೋಡಬೇಕು. ನಾನಂತೂ ಎತ್ತುತ್ತೇನೆ. ಏಣಿ ಹತ್ತಿ ಅಟ್ಟ ಸೇರಿದ ಮೇಲೆ ಏಣಿಗೆ ಮರ್ಯಾದೆ ಇಲ್ಲವೆನ್ನುವುದು ನಮ್ಮ ಹಳೆಯ ಚಾಳಿ.

ಇನ್ನು ‘ಇಲ್ಲ’ ಎಂಬ ಮಾತು. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ 1994ರಲ್ಲಿ ಬಂತು. ಮಲೆನಾಡಿನ ಎಳೆಯ ದಂಪತಿ ಸುರೇಶ ಮತ್ತು ಗೌರಿ ಏಲಕ್ಕಿ ಮಾರಲು ಹೊರಡುತ್ತಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಸ್ಸು, ರೈಲು, ಕಾಡಿನ ಕೂಡುರಸ್ತೆಗಳ ನಡುವೆ ಎಂಥವರೆಂದು ಗೊತ್ತಿಲ್ಲದ ಜನರ ಜಾಲದಲ್ಲಿ ಸಿಲುಕುತ್ತಾರೆ. ಹಳೆಯ ಕನ್ನಡ ಕಾವ್ಯವೊಂದು ಗುಪ್ತನಿಧಿಯ ನಕಾಶೆಯಾಗಿಬಿಡುತ್ತದೆ. ಛಂದಸ್ಸು ಬಲ್ಲವನು ಗೂಂಡಾಗಳಿಗೆ ಬೇಕಾದವನಾಗುತ್ತಾನೆ. ಅಪಾಯಕಾರಿ ಅಪರಿಚಿತರೊಡನೆ ಪ್ರಯಾಣ ಎಂಬ ಪ್ರಕಾರಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಯಾವ ಭಾಷೆಯಲ್ಲೂ ಸುಲಭಕ್ಕೆ ಸಿಗಲಾರದು. ಕಾಡು ಯಾರ ಲಾಭಕ್ಕಾಗಿ ಬರಿದಾಗುತ್ತಿದೆ ಎಂಬ ಪ್ರಶ್ನೆ ಅದರೊಳಗೇ ಇದೆ. ಅದಕ್ಕಾಗಿ ಕಥೆ ಎಲ್ಲಿಯೂ ನಿಲ್ಲುವುದಿಲ್ಲ. ಹೀಗಿದ್ದೂ ಆ ಹುಡುಗಿಗೆ ‘ಇಲ್ಲ’ ಎಂದೆವು. ನಾವು ತೇಜಸ್ವಿಯನ್ನು ವಿಚಾರಸಂಕಿರಣಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ಪರಿಸರ ಪ್ರಜ್ಞೆ, ನವ್ಯೋತ್ತರ ಸಂವೇದನೆ ಎಂದೆಲ್ಲ ಬರೆದವರು, ಆ ಪುಸ್ತಕ ರಾತ್ರಿ ಎರಡು ಗಂಟೆಯವರೆಗೆ ದೀಪ ಆರಿಸಲು ಬಿಡುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳುವುದನ್ನೇ ಮರೆತರು.

ಒಪ್ಪಬೇಕಾದ ಕೊರತೆಯೂ ಇದೆ. ಸುರೇಶ–ಗೌರಿ ಮದುವೆಯಾದವರು, ಕೃಷಿಕರು. ಹದಿಹರೆಯದವರೇ ಕಥಾನಾಯಕರಾಗಿರುವ ಇಂಥ ಕಾದಂಬರಿಗಳ ಸಾಲನ್ನು ನಾವು ಕಟ್ಟಲಿಲ್ಲ. ಈ ಊರಿನಲ್ಲೇ ಇದ್ದು ಪಕ್ಕದ ಮನೆಯ ಭಾಷೆಯನ್ನು ನೋಡಿಯೂ ಕಲಿಯಲಿಲ್ಲ. ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ಫುರಸುಂಗಿಯಿಂದ ಪುಣೆಯ ಶಾಲೆಗೆ ಬಂದ ಚೂಟಿ ಹುಡುಗ. ಸೈಕಲ್ಲೇರಿ ಕಳ್ಳರ ಬೆನ್ನುಹತ್ತುವವನು. ಮರಾಠಿ ಮನೆಗಳಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಅವನು ಗೊತ್ತು. 2017ರಲ್ಲಿ ಅವನ ಮೇಲೆ ಚಲನಚಿತ್ರವೂ ಬಂತು. ಭಾಗವತರನ್ನು ಮರಾಠಿಗರು ಸಾಹಿತ್ಯದ ಹಿತ್ತಿಲಿಗೆ ಅಟ್ಟಲಿಲ್ಲ. ನಮ್ಮ ಮಕ್ಕಳು ಆ ಫೇಣೆಯನ್ನು ಮರಾಠಿಯಲ್ಲೇ ಓದುತ್ತಾರೆ, ಓದಲಿ. ಆದರೆ ಫುರಸುಂಗಿಯ ಹುಡುಗನಿಗೆ ಸರಿಸಾಟಿಯಾಗಿ ಸ್ವಾರಗೇಟಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದು ನಿಂತ ಒಬ್ಬ ಕನ್ನಡದ ಹುಡುಗಿ ನಮಗೆ ಏಕೆ ಹೊಳೆಯಲಿಲ್ಲ?

ಆ ಬಸ್ಸಿನ ಬಗ್ಗೆ ಯೋಚಿಸಿ. ಕಾತ್ರಜ್ ದಾಟಿ, ಖಂಬಾಟ್ಕಿ ಘಾಟಿನಲ್ಲಿ ತಿರುವು ತಿರುವಿಗೆ ಹೊಟ್ಟೆ ತೊಳಸಿ, ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ್ ಕಳೆದು ನಿಪ್ಪಾಣಿಯ ಹತ್ತಿರ ಗಡಿ. ಎಲ್ಲರೂ ನಿದ್ದೆಯಲ್ಲಿರುವ ಹೊತ್ತು. 2021ರಲ್ಲಿ ಕೊಗನೊಳ್ಳಿಯ ತಪಾಸಣಾ ನಾಕೆಯಲ್ಲಿ ಕೋವಿಡ್ ವರದಿ ಇಲ್ಲದವರನ್ನು ಕೆಳಗಿಳಿಸಿದ್ದು ನಮಗೆಲ್ಲ ನೆನಪಿದೆ. 2022ರ ಡಿಸೆಂಬರಿನಲ್ಲಿ ಗಡಿವಿವಾದ ಕಾವೇರಿದಾಗ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅದೇ ವೇಳೆ ಬೆಳಗಾವಿ ಸಮೀಪದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ತೂರಿದರು. ಅಂಥ ರಾತ್ರಿಯಲ್ಲಿ ಹದಿನಾರರ ಹುಡುಗಿಯೊಬ್ಬಳು ಕಿಟಕಿಯ ಬಳಿ ಕುಳಿತಿದ್ದಾಳೆನ್ನಿ. ಅಮ್ಮನ ಫೋನು ಬರುತ್ತದೆ. ಯಾವ ಭಾಷೆಯಲ್ಲಿ ಎತ್ತಬೇಕು? ಪಕ್ಕದಲ್ಲಿರುವವರು ಯಾರು? ಅಮೆರಿಕದ ಹೆದ್ದಾರಿಯಲ್ಲಿ ಸಿಗದ ರೋಚಕತೆ ಇಲ್ಲಿ ಆ ಒಂದು ‘ಹಲೋ’ದ ನಂತರದ ಮಾತಿನಲ್ಲಿದೆ. ಇದನ್ನು ಬೆಂಗಳೂರಿನ ಲೇಖಕ ಬರೆಯಲಾರ, ಲಂಡನ್ನಿನ ಲೇಖಕಿಯಂತೂ ಬರೆಯಲಾರಳು. ಎರಡು ಭಾಷೆಗಳ ನಡುವೆ ಬದುಕುವ ನಾವೇ ಬರೆಯಬೇಕಾದದ್ದು.

ಇಲ್ಲೊಂದು ಗಂಭೀರವಾದ ಆಕ್ಷೇಪವಿದೆ. ಹಿರಿಯರು ಅದನ್ನು ಎತ್ತಲಿಲ್ಲ. ಎತ್ತಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು. ದಾರಿಯ ಅಪರಿಚಿತನನ್ನು ಖಳನಾಗಿಸುವ ಕಥೆಗೆ ನಮ್ಮ ನೆಲದಲ್ಲಿ ಕೆಟ್ಟ ಇತಿಹಾಸವಿದೆ. ಈ ಪ್ರಕಾರದ ಇಂಗ್ಲಿಷ್ ಮೂಲಪುರುಷರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. ಮುಂದೆ ನಮ್ಮ ಸುರಪುರದ ಆಡಳಿತ ನೋಡಿಕೊಂಡವನು; ಅವನ ಬಂಗಲೆ ‘ಟೇಲರ್ ಮಂಜಿಲ್’ ಆ ಊರಿನಲ್ಲಿ ಇಂದಿಗೂ ಇದೆ. ಅವನ ‘ಕನ್ಫೆಶನ್ಸ್ ಆಫ್ ಎ ಥಗ್’ 1839ರಲ್ಲಿ ಪ್ರಕಟವಾಯಿತು. ತಂದೆತಾಯಿಯರೊಡನೆ ಪ್ರಯಾಣ ಹೊರಟ ಮಗುವೊಂದರ ಸ್ನೇಹವನ್ನು ದಾರಿಯಲ್ಲಿ ಸಿಕ್ಕವನು ಸಂಪಾದಿಸುತ್ತಾನೆ. ತಂದೆತಾಯಿಯರನ್ನು ಕೊಂದು ಮಗುವನ್ನು ಸಾಕುತ್ತಾನೆ. ಆ ಮಗು ಅಮೀರ್ ಅಲಿಯೆಂಬ ಠಕ್ಕನಾಗಿ ಬೆಳೆದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಓದಲು ಕೂತರೆ ಏಳಲಾಗದ ಪುಸ್ತಕ. ಆದರೆ ಅದು ಒಂಟಿಯಾಗಿ ಬರಲಿಲ್ಲ. ಠಕ್ಕರ ಗುಪ್ತಭಾಷೆಯದೆಂದು ಸ್ಲೀಮನ್ 1836ರಲ್ಲಿ ಒಂದು ಪದಕೋಶವನ್ನೇ ಅಚ್ಚು ಮಾಡಿಸಿದ್ದ. ಅಂದರೆ ಬೇರೆ ಮಾತಾಡುವವನೇ ಶಂಕಿತ. ಹಾದಿಯಲ್ಲಿ ಅಲೆಯುವವರೆಲ್ಲ ಹುಟ್ಟುಗಳ್ಳರೆಂಬ ಭಾವನೆಗೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮುದ್ರೆಯೂ ಬಿತ್ತು. ಇಡೀ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದರು. 1952ರಲ್ಲಿ ಕಾಯಿದೆ ರದ್ದಾದರೂ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಉಳಿದಿದೆ. ಸೊಲ್ಲಾಪುರದವರಿಗೂ ಆ ಶಬ್ದ ಹೊಸದಲ್ಲ. ಇಂದಿಗೂ ಊರಿಗೆ ಹೊಸಬರು ಬಂದರೆ ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ ಹೊಡೆತ ಬೀಳುತ್ತದೆ. ಭಯದ ಕಥೆಗಳು ನಿರಪರಾಧಿಗಳ ಬೆನ್ನ ಮೇಲೆ ಬಾಸುಂಡೆಯಾಗಿ ಏಳಬಲ್ಲವು. ಇದು ನಿಜ.

ಆದರೆ ಇದಕ್ಕೆ ಉತ್ತರವೂ ಪುಣೆಯಲ್ಲೇ ಇದೆ. 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ ಈ ಊರನ್ನು ನಡುಗಿಸಿದ, ಜೋಶಿ–ಅಭ್ಯಂಕರ್ ಪ್ರಕರಣವೆಂದು ಹೆಸರಾದ ಹತ್ತು ಕೊಲೆಗಳನ್ನು ಮಾಡಿದವರು ಯಾವ ಅಲೆಮಾರಿಗಳೂ ಅಲ್ಲ. ಟಿಳಕ್ ರಸ್ತೆಯ ಕಲಾ ಕಾಲೇಜಿನ ವಿದ್ಯಾರ್ಥಿಗಳು. ಮೊದಲು ಬಲಿಯಾದವನು ಅವರದೇ ಸಹಪಾಠಿ. ತಾನೇ ಮನೆ ಬಿಟ್ಟು ಹೋಗುತ್ತಿರುವುದಾಗಿ ತಂದೆಗೆ ಚೀಟಿ ಬರೆಯುವಂತೆ ಅವನನ್ನು ಬಲವಂತಪಡಿಸಿದರು. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಆ ದಿನಗಳನ್ನು ಸದಾಶಿವ ಪೇಟೆಯ ಹಿರಿಯರು ಇನ್ನೂ ನೆನೆಯುತ್ತಾರೆ. 1983ರ ನವೆಂಬರಿನಲ್ಲಿ ಯೆರವಡಾದಲ್ಲಿ ನಾಲ್ವರಿಗೆ ಗಲ್ಲಾಯಿತು. ಯಾರು ಅಪರಿಚಿತರು, ಯಾರು ಪರಿಚಿತರು? ಒಳ್ಳೆಯ ರೋಚಕ ಕಾದಂಬರಿ ಕೇಳುವ ಪ್ರಶ್ನೆ ಇದೇ. ಕೆಟ್ಟದ್ದು ಕಪ್ಪು ಮುಖದ, ಹರಿದ ಅಂಗಿಯ ಅಪರಿಚಿತನನ್ನು ತೋರಿಸಿ ಕೈ ತೊಳೆದುಕೊಳ್ಳುತ್ತದೆ. ಜಾಕ್ಸನ್ನಳ ಕಥೆಯಲ್ಲೂ ಹೊರಗಿನ ಬಂದೂಕಿಗಿಂತ ವಾಹನದೊಳಗಿನ ಗೆಳೆತನವೇ ಹೆಚ್ಚು ಅಪಾಯದ್ದು. ಹದಿನೈದರ ಹುಡುಗಿಗೆ ನೀತಿಪಾಠ ಇದನ್ನು ಕಲಿಸಲಾರದು. ಯಾರನ್ನು ನಂಬಬೇಕು, ನಂಬಿಕೆ ತಪ್ಪಿದಾಗ ಏನು ಮಾಡಬೇಕು, ಅನುಮಾನಿಸಿದವನು ನಿರ್ದೋಷಿಯೆಂದು ತಿಳಿದಾಗ ಯಾವ ಮುಖದಿಂದ ಅವನನ್ನು ನೋಡಬೇಕು ಎಂಬುದನ್ನೆಲ್ಲ ಹಾಸಿಗೆಯಲ್ಲಿ ಸುರಕ್ಷಿತವಾಗಿ ಮಲಗಿಕೊಂಡೇ ಅಭ್ಯಾಸ ಮಾಡಲು ಇರುವ ದಾರಿ ಕಥೆಯೊಂದೇ.

ಮಕ್ಕಳಿಗೆ ಲಿಪಿಯೇ ಬರುವುದಿಲ್ಲ, ಕಾದಂಬರಿ ಬರೆದು ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಇಲ್ಲಿನ ಶಾಲೆಗಳಲ್ಲಿ ದೇವನಾಗರಿ ಕಲಿತೇ ತೀರಬೇಕು. ಕನ್ನಡ ಅಕ್ಷರ ಭಾನುವಾರದ ಒಂದು ಗಂಟೆಯದು. ಸರಿ. ಆದರೆ ಒಂದೊಂದೇ ಒತ್ತಕ್ಷರ ಕೂಡಿಸಿ ಓದುವ ಮಗು ಪುಟ ತಿರುಗಿಸಬೇಕಾದರೆ ಮುಂದಿನ ಪುಟದಲ್ಲಿ ಏನೋ ಕಾದಿರಬೇಕು. ಸದ್ಗುಣಿ ಬಾಲಕನೊಬ್ಬ ತಾತನ ಮಾತು ಕೇಳಿ ಗಿಡ ನೆಟ್ಟ ಕಥೆಗಾಗಿ ಯಾರು ಅಷ್ಟು ಕಷ್ಟಪಡುತ್ತಾರೆ? ನಮ್ಮ ಕಲಿಕಾ ವರ್ಗಗಳಿಗೆ ಸಿದ್ಧವಾಗುವ ವಾಚಿಕೆಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಯಾವ ಬಸ್ಸೂ ಕೆಟ್ಟು ನಿಲ್ಲುವುದಿಲ್ಲ.

ಕೂಟ ಮುಗಿದ ಮೇಲೆ ನನ್ನ ‘ಜುಗಾರಿ ಕ್ರಾಸ್’ ಪ್ರತಿಯನ್ನು ಆ ಹುಡುಗಿಗೆ ಕೊಟ್ಟು ಕಳಿಸಿದೆ. ಅವಳಿಗೆ ಓದುವ ವೇಗ ಸಾಲದು. ರಾತ್ರಿ ಊಟದ ಮೇಲೆ ತಂದೆಯೇ ಓದಿ ಹೇಳುತ್ತಿದ್ದಾರಂತೆ. ಕಳೆದ ವಾರ ಅವರಿಗೆ ರಾತ್ರಿ ಪಾಳಿ ಬಿತ್ತು. ಅವರ ಸಂದೇಶ ಹೀಗಿತ್ತು: “ನಾ ಬರೂದರಾಗ ಹನ್ನೊಂದು ಪುಟ ತಾನಽ ಓದ್ಯಾಳ್ರೀ. ಅರ್ಧ ಶಬ್ದ ತಿಳಿದಿಲ್ಲಂತ. ಒಂದು ತಕರಾರು ಐತಿ: ಅವರ ಕಡೆ ಮೊಬೈಲ್ ಇದ್ದಿದ್ದರ ಇಷ್ಟೆಲ್ಲಾ ಆಗ್ತಿದ್ದಿಲ್ಲ ಅಂತಾಳ.” ನಮ್ಮ ಕೂಟದ ಹಿರಿಯರಿಗೆ ಇದನ್ನು ಇನ್ನೂ ತೋರಿಸಿಲ್ಲ.