ಉಳಿಸಿದ ಸಮಯ ಯಾರ ಜೇಬಿಗೆ?

ಎಐ ಕೋಡ್ ಬರೆಯುತ್ತದೆ, ವಾರದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ಕಂಪನಿಗಳು ಡಂಗುರ ಸಾರುತ್ತಿವೆ. ಹಾಗಿದ್ದರೆ ಇಂಜಿನಿಯರುಗಳು ಸಂಜೆ ಐದಕ್ಕೆ ಮನೆ ಸೇರಬೇಕಿತ್ತಲ್ಲ? 2024ರಲ್ಲಿ ಇದೇ ಕರ್ನಾಟಕದಲ್ಲಿ ಐಟಿ ಕಂಪನಿಗಳು, ದಿನಕ್ಕೆ 14 ಗಂಟೆವರೆಗೆ ದುಡಿಸಲು ಕಾನೂನು ತಿದ್ದಿಕೊಡಿ ಎಂದು ಸರ್ಕಾರದ ಮುಂದೆ ನಿಂತವು. ನೌಕರರ ಸಂಘ ಕೆಐಟಿಯು ಬೀದಿಗಿಳಿಯಬೇಕಾಯಿತು.

ಆ ಎಐ ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡಿ. ರಾತ್ರಿ ಹನ್ನೊಂದಕ್ಕೆ ಅದು ಬರೆದ ಸಾವಿರ ಸಾಲು ರಿವ್ಯೂಗೆ ಬಂದು ಬೀಳುತ್ತದೆ. ನೋಡಲು ಬಲು ಅಚ್ಚುಕಟ್ಟು. ನಡುವೆಲ್ಲೋ ಒಂದು ಕಡೆ, ಪೇಮೆಂಟ್ ಫೇಲಾದರೆ ಮತ್ತೆ ಕಳಿಸು ಎಂದಿರುತ್ತದೆ. ಮೊದಲ ಸಲವೇ ದುಡ್ಡು ಕಡಿತವಾಗಿದೆಯೇ ಎಂದು ನೋಡಿರುವುದೇ ಇಲ್ಲ. ಕಣ್ಣುಜ್ಜಿಕೊಂಡು ಅದನ್ನು ಹಿಡಿಯಬೇಕಾದವಳು ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗಿ. ಹಿಡಿದರೆ ಹೆಸರು ಎಐಗೆ, ತಪ್ಪಿದರೆ ಅಪ್ರೈಸಲ್‌ನಲ್ಲಿ ಕಪ್ಪುಚುಕ್ಕೆ ಅವಳಿಗೆ. 2025ರಲ್ಲಿ ಮೆಟರ್ ಎಂಬ ಸಂಶೋಧನಾ ಸಂಸ್ಥೆ 16 ಮಂದಿ ನುರಿತ ಡೆವಲಪರ್‌ಗಳ ಕೆಲಸ ಅಳೆದು ನೋಡಿತು. ಎಐ ಹಿಡಿದು ಮಾಡಿದ ಕೆಲಸಕ್ಕೆ ಶೇ. 19ರಷ್ಟು ಹೆಚ್ಚು ಹೊತ್ತು ಬೇಕಾಗಿತ್ತು. ಬೇಗ ಮುಗಿಸಿದೆವು ಎಂದೇ ಅವರು ನಂಬಿದ್ದರು! ಇಂಥ ನಂಬಿಕೆಯ ಮೇಲೆ ಯಾರದೋ ಅನ್ನ ಕಿತ್ತುಕೊಳ್ಳುವುದು ಯಾವ ನ್ಯಾಯ?

ಎಐ ಕೋಡ್ ಕಲಿತದ್ದೂ ನಮ್ಮಂಥವರಿಂದಲೇ. ಗಿಟ್‌ಹಬ್‌ನಲ್ಲಿ ಪ್ರೋಗ್ರಾಮರ್‌ಗಳು ಎಲ್ಲರಿಗಾಗಿ ಇಟ್ಟಿದ್ದ ಕೋಡ್ ಮೇದು ಕೋಪೈಲಟ್ ಎಂಬ ಎಐ ಬೆಳೆಯಿತು. ಲೈಸೆನ್ಸ್ ಷರತ್ತು ಮುರಿದಿರಿ ಎಂದು ಕೆಲವರು 2022ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು. ಹಂಚಿಕೊಂಡವರ ಬೆವರಿಗೆ ಈಗ ತಿಂಗಳ ಬಾಡಿಗೆ.

ಒಂದು ವರ್ಷದಲ್ಲಿ 48,000 ಕೋಟಿ ರೂಪಾಯಿಗೂ ಮೀರಿ ಲಾಭ ಮಾಡಿದ ಐಟಿ ಕಂಪನಿ ಟಿಸಿಎಸ್, 2025ರ ಜುಲೈನಲ್ಲಿ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿತು. ಎಐ ಕಾರಣವಲ್ಲ, ಕೌಶಲ ಹೊಂದುತ್ತಿಲ್ಲ ಎಂದರು ಅದರ ಮುಖ್ಯಸ್ಥರು. ಲಾಭ ತಂದುಕೊಟ್ಟಾಗ ಹೊಂದಿದ್ದ ಕೌಶಲ ರಾತ್ರೋರಾತ್ರಿ ಎಲ್ಲಿಗೆ ಹೋಯಿತು?

ಎಷ್ಟೋ ಆಫೀಸುಗಳಲ್ಲಿ ಕೆಲಸದಿಂದ ತೆಗೆಯುವುದೂ ಇಲ್ಲ, ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಬರೆಯದಿದ್ದರೆ ರಿಲೀವಿಂಗ್ ಲೆಟರ್ ಸಿಗದು ಎಂಬ ಬೆದರಿಕೆ. ಕಂಪನಿಯೇ ತೆಗೆದರೆ ಕಾರ್ಮಿಕ ಕಾನೂನಿನಂತೆ ನೋಟಿಸ್ ಕೊಡಬೇಕು, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕಟ್ಟಬೇಕು. 'ವೈಯಕ್ತಿಕ ಕಾರಣ' ಎಂದು ನೀವೇ ಬರೆದುಕೊಟ್ಟರೆ ಅವರಿಗೆ ಅಷ್ಟೂ ಉಳಿತಾಯ. ಕೆಲಸದ ಗಂಟೆ, ರಜೆ, ಶಿಸ್ತುಕ್ರಮ, ವಜಾ ಎಲ್ಲಕ್ಕೂ ಬರಹದ ನಿಯಮ ಇರಬೇಕೆಂದು ಹೇಳಿದ್ದು 1946ರ ಸ್ಥಾಯಿ ಆದೇಶ ಕಾಯ್ದೆ. ಐಟಿ ಕಂಪನಿಗಳಿಗೆ ಅದರಿಂದ ಕೊಟ್ಟಿದ್ದ ವಿನಾಯಿತಿಯನ್ನು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿತು. ಜವಳಿ ಗಿರಣಿಯ ಕಾರ್ಮಿಕನಿಗೆ ಇದ್ದ ಕಾವಲು ಲ್ಯಾಪ್‌ಟಾಪ್ ಹಿಡಿದವರಿಗೆ ಬೇಡವೇ?

ಆ ರಾಜೀನಾಮೆ ಬರೆಯಬೇಡಿ. ತೆಗೆಯುವುದೇ ಆದರೆ ಕಾರಣ ಬರೆದು, ಸಹಿ ಹಾಕಿ ಕೊಡಲಿ. ಆ ಕಾಗದ ಹಿಡಿದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗೋಣ. ಒಬ್ಬೊಬ್ಬರೇ ಬೇಡ, ಸಂಘ ಕಟ್ಟಿಕೊಂಡು ಹೋಗೋಣ.